ಚಲುವಯ್ಯನ ಆಲೂಗಡ್ಡೆ ಗಿಡ

ಎರಡು ಸಾವಿರದ ಆರನೇ ಇಸವಿಯ ಆ ಆಷಾಢದ ಬೆಳಗ್ಗೆ ಯಾರಾದರೂ ನನ್ನ ಬಾಯಿಗೆ ಬಟ್ಟೆ ತುರುಕಿದ್ದರೆ ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ರಾಜಲಕ್ಷ್ಮಮ್ಮ ಬಾಯಿ ತೆಗೆದರೆ ಆಲೂರು ಸಂತೆವರೆಗೂ ಕೇಳುತ್ತದೆ ಅಂತ ನಮ್ಮೂರಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಸುಳ್ಳೇನಲ್ಲ.

ಮನೆ ಹಿಂದೆ ಪ್ರತಿ ವರ್ಷ ಹತ್ತು ಸಾಲು ಆಲೂಗಡ್ಡೆ ಹಾಕುತ್ತೇನೆ. ಅಂಗಡಿಯ ವಿಷ ಒಂದು ತೊಟ್ಟೂ ಮುಟ್ಟಿಸುವುದಿಲ್ಲ. ಗಾಳಿಯಾಡುವಷ್ಟು ಜಾಗ ಬಿಟ್ಟು ನೆಡಬೇಕು, ಬುಡಕ್ಕೆ ಮಣ್ಣೇರಿಸಬೇಕು, ನೆಲಕ್ಕೆ ತಾಗುವ ಎಲೆ ಚಿವುಟಬೇಕು, ಜಡಿಮಳೆ ಹಿಡಿಯುವ ಮೊದಲೇ ಕಾಫಿ ಗಿಡಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ನೀರನ್ನು ತೆಳ್ಳಗೆ ಸಿಂಪಡಿಸಬೇಕು. ಇಷ್ಟು ಮಾಡಿದರೆ ಗಿಡವನ್ನೇ ಕೊಳೆಸುವ ಅಂಗಮಾರಿ ರೋಗ ಹತ್ತಿರ ಸುಳಿಯುವುದಿಲ್ಲ ಅಂತ ಕಂಡಕಂಡವರಿಗೆಲ್ಲ ಪಾಠ ಹೇಳುತ್ತಿದ್ದೆ.

ಆ ಪಾಠವನ್ನು ಚಾಚೂ ತಪ್ಪದೆ ಕೇಳಿದವನು ಬೇಲಿಯಾಚೆಯ ಚಲುವಯ್ಯ ಒಬ್ಬನೇ. ಹೆತ್ತೂರು ಕಡೆ ಕಾಫಿ ಎಸ್ಟೇಟಿನ ಕೂಲಿ ಲೈನ್‌ನಲ್ಲಿ ಇಪ್ಪತ್ತು ವರ್ಷ ಇದ್ದು, ಕೂಲಿ ಲೆಕ್ಕ ಬರೆಯುವ ರೈಟರ್ ಹೇಳಿದ ಕಡೆ ಗುಂಡಿ ತೆಗೆದು, ಕೊನೆಗೆ ನಮ್ಮೂರಲ್ಲಿ ಹತ್ತು ಗುಂಟೆ ಮಾಡಿಕೊಂಡಿದ್ದ. ಸ್ವಂತ ಮಣ್ಣಲ್ಲಿ ಅವನಿಗೆ ಅದೇ ಮೊದಲ ಬೆಳೆ. ಅವನ ಹೆಂಡತಿ ಬೆಟ್ಟಮ್ಮ ದಿನಾ ಸಂಜೆ ಸಾಲುಗಳ ನಡುವೆ ಸುಮ್ಮನೆ ನಿಂತಿರುತ್ತಿದ್ದಳು. ಏನೇ ಅಂತ ಕೇಳಿದರೆ, "ನಮ್ದು ಅಂತ ನೋಡ್ತಾ ಇವ್ನಿ ಅಮ್ಮಾರೇ" ಅನ್ನುತ್ತಿದ್ದಳು.

ಆವತ್ತು ಬೆಳಗ್ಗೆ ಹಿತ್ತಲಿಗೆ ಹೋದವಳು ಹಾಗೇ ನಿಂತುಬಿಟ್ಟೆ. ಮೂರು ಸಾಲು ಕಪ್ಪಗೆ ಕರಗಿ ಮಲಗಿತ್ತು. ಹಿಂದಿನ ಸಂಜೆ ಹಸುರಾಗಿದ್ದ ಗಿಡ! ಮೂಗಿಗೆ ಕೊಳೆತ ವಾಸನೆ ಬಡಿಯಿತು. ಅಯ್ಯೋ ಶಿವನೇ, ನನ್ನ ಹಿತ್ತಲಿಗೇ ಅಂಗಮಾರಿಯೇ? ತಲೆಯೆತ್ತಿದರೆ ಬೇಲಿಯಾಚೆ ಚಲುವಯ್ಯನ ಗಿಡಗಳ ಎಲೆಯ ಮೇಲೆಲ್ಲ ಕಂದು ಚುಕ್ಕೆ. ರೋಗದ ಮೂಲ ಸಿಕ್ಕಿತಲ್ಲ ಅಂದುಕೊಂಡೆ.

"ಏನೋ ಚಲುವಯ್ಯ, ನನ್ನ ಮನೆ ಹಾಳು ಮಾಡ್ಬುಟ್ಟಲ್ಲೋ! ರೋಗ ಸಾಕ್ಕೊಂಡು ಗಾಳಿಗೆ ಬಿಟ್ಟಿದ್ದೀಯಾ?"

ಅವನು ಓಡಿ ಬಂದ. "ಅಮ್ಮಾರೇ, ಅದು ಹಂಗಲ್ಲ, ಸುಣ್ಣ..."

"ಸುಣ್ಣನೂ ಇಲ್ಲ, ಬಣ್ಣನೂ ಇಲ್ಲ. ಈಗಿಂದೀಗ್ಲೇ ಎಲ್ಲಾ ಕಿತ್ತಾಕು! ಒಂದು ಗಿಡ ಉಳುದ್ರೂ ನಾನು ಸುಮ್ನಿರಲ್ಲ."

ಚಲುವಯ್ಯ ಪಂಚೆ ಎತ್ತಿ ಕಟ್ಟಿದ. ಆಮೇಲೆ ಬಗ್ಗಿ ಮೊದಲನೇ ಗಿಡ ಕಿತ್ತ. ಬೆಟ್ಟಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ನಾನು ನನ್ನ ಕರಗಿದ ಗಿಡಗಳನ್ನು ಕಿತ್ತು ರಾಶಿ ಹಾಕಿ, ಹೊತ್ತು ನೆತ್ತಿಗೇರಿದ ಮೇಲೆ ಹೂಳುವುದಕ್ಕೆ ಜಾಗ ನೋಡಲು ತಿಪ್ಪೆಗುಂಡಿ ಹಿಂದಕ್ಕೆ ಹೋದೆ. ಕುಂಬಳ ಬಳ್ಳಿ ಸರಿಸಿದೆ, ಅಷ್ಟೇ. ಅಲ್ಲೂ ಆಲೂಗಡ್ಡೆ ಗಿಡ!

ಅದರ ಹಿಂದಿನ ವರ್ಷ ಹುಳುಕು ಗಡ್ಡೆಗಳನ್ನು, ಗೊಬ್ಬರವಾದರೂ ಆಗಲಿ ಅಂತ ಅಲ್ಲಿ ಸುರಿದವಳು ನಾನೇ. ಅವು ಮುಂಗಾರಿನ ಮೊದಲ ಹನಿಗೇ ಮೊಳೆತು ಮೊಣಕಾಲುದ್ದ ಬೆಳೆದಿದ್ದವು. ಒಂದೊಂದೂ ಬುಡದಿಂದ ತುದಿಯವರೆಗೆ ಕಪ್ಪು. ಅರ್ಧ ಸತ್ತ ಒಂದು ಎಲೆ ಹಿಡಿದು ಮಗುಚಿದೆ. ಹಿಂಬದಿಯಲ್ಲಿ ಬಿಳಿ ಬೂಷ್ಟು. ಅಂಗಮಾರಿ ಅಂತ ಗೊತ್ತಾಗುವುದು ಆ ಬೂಷ್ಟಿನಿಂದಲೇ. ರೋಗ ಅಲ್ಲಿ ಹದಿನೈದು ದಿನದಿಂದ ಸಂಸಾರ ಹೂಡಿತ್ತು. ಗಾಳಿ ಬೀಸುವುದೂ ಅಲ್ಲಿಂದ ನನ್ನ ಸಾಲುಗಳ ಕಡೆಗೇ.

ಚಲುವಯ್ಯನ ಎಲೆಗಳನ್ನು ನಾನು ಮಗುಚಿಯೇ ನೋಡಿರಲಿಲ್ಲ. ಬೇಲಿ ದಾಟಿಯೂ ಇರಲಿಲ್ಲ.

ಓಡಿದೆ. ಬೇಲಿಯ ಮುಳ್ಳು ಕೈ ಗೀರಿದ್ದೂ ಗೊತ್ತಾಗಲಿಲ್ಲ. "ನಿಲ್ಸೋ! ಚಲುವಯ್ಯ, ನಿಲ್ಸೋ ಮಾರಾಯ!"

ಹತ್ತು ಗುಂಟೆಯೂ ಬರಿದಾಗಿತ್ತು. ಕಿತ್ತ ಗಿಡಗಳ ಬೇರಿನಲ್ಲಿ ಗೋಲಿಯಷ್ಟು, ಅಡಿಕೆಯಷ್ಟು ಎಳೆ ಗಡ್ಡೆ. ಒಂದೇ ಒಂದು ಸಾಲು ನಿಂತಿತ್ತು.

"ಇನ್ನೊಂದೇ ಅಮ್ಮಾರೇ, ಈಗ ಮುಗಿಸ್ಬುಡ್ತೀನಿ" ಅಂದ ಅವನು.

"ಬ್ಯಾಡ ಕಣಯ್ಯ. ರೋಗ ನಂದು. ನನ್ನ ತಿಪ್ಪೇಲೇ ಐತೆ. ನಿನ್ನ ಗಿಡಕ್ಕೇನಾಗಿತ್ತು?"

"ಸುಣ್ಣ ಹಳೇದು ಅಮ್ಮಾರೇ, ಸಾರ ಸತ್ತೋಗಿತ್ತು. ಮೈಲುತುತ್ತ ಜಾಸ್ತಿಯಾಗಿ ಎಲೆ ಸುಟ್ಟೋಯ್ತು. ವಾರದಲ್ಲಿ ಸರಿ ಹೋಗೋದು."

"ಗೊತ್ತಿತ್ತಾ ನಿಂಗೆ? ಗೊತ್ತಿದ್ದೂ ಕಿತ್ತೆಯಾ? ಯಾಕೋ?"

ಅವನು ಅಚ್ಚರಿಯಿಂದ ನನ್ನ ಮುಖ ನೋಡಿದ. "ನೀವು ಹೇಳಿದ್ರಲ್ಲ."

ಹೆಜ್ಜೆ ಮುಂದಿಟ್ಟು ಅವನ ಕೈ ಹಿಡಿಯಲು ಹೋದೆ. ಆಗ ಬೆಟ್ಟಮ್ಮ ಮನೆಯೊಳಗಿಂದ ಬಂದು ಉಳಿದ ಆ ಸಾಲಿಗೆ ಅಡ್ಡ ನಿಂತಳು. ಅಳು ಇರಲಿಲ್ಲ. ಅವಳ ದನಿಯನ್ನು ಅಷ್ಟು ಗಟ್ಟಿಯಾಗಿ ನಾನು ಕೇಳಿದ್ದೇ ಅವತ್ತು.

"ಅಲ್ಲೇ ನಿಂತ್ಕಳಿ ಅಮ್ಮಾರೇ. ರೋಗದ ಗಿಡ ಮುಟ್ಟಿ ಬಂದಿದ್ದೀರ. ನಿಮ್ ಸೀರೇಲಿ ಐತೆ ಅದು. ನಮ್ ಹೊಲದಿಂದ ಆಚೆ ಹೋಗಿ."

ಚಲುವಯ್ಯ ಗಾಬರಿಯಿಂದ "ಏಯ್ ಬೆಟ್ಟೀ" ಅಂದ. ಅವಳು ಕದಲಲಿಲ್ಲ.

ಅವಳು ಹೇಳಿದ್ದು ಸರಿಯಾಗಿತ್ತು. ಸೀರೆಯನ್ನು ಎರಡೂ ಕೈಯಲ್ಲಿ ಮುದುರಿ ಹಿಡಿದು, ಆ ಸಾಲಿನ ಒಂದು ಎಲೆಯನ್ನೂ ಸೋಕದ ಹಾಗೆ ಹಿಂದೆ ಹಿಂದೆ ನಡೆದು ಬೇಲಿಯಾಚೆ ಬಂದೆ.