ನೆನಪಿಗೆ ಬಾರದ ತಾರೀಕು

"ಇದು ಹಳೇದು," ಎಂದರು ಡಾಕ್ಟರು, ಇಸಿಜಿ ಪಟ್ಟಿಯ ಮೇಲೆ ಪೆನ್ನಿನ ತುದಿ ಓಡಿಸುತ್ತ. "ಯಾವಾಗ ಆಗಿತ್ತು ನಿಮಗೆ?"

"ಏನು ಸರ್?"

"ಹಾರ್ಟ್ ಅಟ್ಯಾಕ್."

ಅವಳಿಗೆ ನಗು ಬಂತು. ಠಾಣೆಯವರಿಗೆಲ್ಲ ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆ. ಯಾರದೋ ಕಾಗದ ಯಾರದಕ್ಕೋ ಸೇರಿಕೊಂಡಿರಬೇಕು. ಡಾಕ್ಟರು ಹೆಸರು, ವಯಸ್ಸು ಓದಿ ಹೇಳಿದರು. ಅವಳದೇ. ಐವತ್ತೊಂದು.

"ಕೆಲವರಿಗೆ ಗೊತ್ತೇ ಆಗಲ್ಲಮ್ಮ. ಗ್ಯಾಸ್ ಅಂದ್ಕೊಂಡು ಓಡಾಡ್ತಿರ್ತಾರೆ. ನಾಳೆನೇ ದೊಡ್ಡಾಸ್ಪತ್ರೆಗೆ ಹೋಗಿ ಅಡ್ಮಿಟ್ ಆಗಿ. ತಡ ಮಾಡ್ಬೇಡಿ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಇಪ್ಪತ್ತಾರು ವರ್ಷದಿಂದ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಅವಳು. ಯಾವ ದಿನ, ಎಷ್ಟು ಗಂಟೆ ಎಂದು ಬಾಯಿ ಬಿಡಿಸದೆ ಯಾರನ್ನೂ ಎದ್ದು ಹೋಗಲು ಬಿಟ್ಟವಳಲ್ಲ. ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದುದೇ ತಾರೀಕಮ್ಮ ಎಂದು. ಈಗ ತನ್ನದೇ ಎದೆಗೆ ಪೆಟ್ಟು ಬಿದ್ದ ದಿನ ಅವಳಿಗೆ ಗೊತ್ತಿಲ್ಲ. ಮೆರವಣಿಗೆಯ ಕಾವಲಿಗೆ ಹದಿನಾಲ್ಕು ಗಂಟೆ ನಿಂತು ದವಡೆ ನೊಂದಿತ್ತಲ್ಲ, ಅಂದೇ? ಶವಾಗಾರಕ್ಕೆ ಒಬ್ಬ ತಾಯಿಯನ್ನು ಕೈಹಿಡಿದು ಕರೆದೊಯ್ದ ಮೇಲೆ ಎಡತೋಳು ಎತ್ತಲಾಗಿರಲಿಲ್ಲವಲ್ಲ, ಅಂದೇ? ಒಂದು ದಿನವನ್ನು ಹಿಡಿಯಹೋದರೆ ಅಂಥವೇ ಹತ್ತು ಎದ್ದು ನಿಂತವು.

ಮನೆಯಲ್ಲಿ ಗಂಡ ಹೊಲಿಗೆ ಯಂತ್ರದ ಮುಂದೆ ಕೂತಿದ್ದ.

"ರೀ, ಯಾವತ್ತಾದ್ರೂ ನಾನು ತೀರಾ ಹುಷಾರಿಲ್ದಂಗೆ ಕಂಡಿದ್ನಾ?"

ಅವನು ಯಂತ್ರ ನಿಲ್ಲಿಸಿದ. "ಹೋದ ವರ್ಷ ನನ್ನ ತಂಗಿ ಬಂದಿದ್ಳಲ್ಲ, ಅವತ್ತು. ಬೆವತು ನೀರಾಗಿ ಬಂದೆ. ಅವಳನ್ನ ಮಾತೂ ಆಡಿಸ್ದೆ ಮಲಗಿಬಿಟ್ಟೆ. ಯಾಕೆ?"

ಹೇಳಿದಳು. ಅವನು ದಾರ ಕತ್ತರಿಸಲೆಂದು ಕತ್ತರಿ ಎತ್ತಿಕೊಂಡ.

"ಪೊಲೀಸ್ ಜಂಬ ಅಂತ ಬೈದಿದ್ದೆ ಕಣೆ. ಎರಡು ದಿನ ಮಾತು ಬಿಟ್ಟಿದ್ದೆ."

"ಹೌದಾ?" ಅವಳಿಗೆ ಅದೂ ನೆನಪಿರಲಿಲ್ಲ. ಸಿಟ್ಟಾಗಬೇಕೋ ಅವನನ್ನೇ ಸಮಾಧಾನ ಮಾಡಬೇಕೋ ತಿಳಿಯದೆ ಇನ್ಸ್‌ಪೆಕ್ಟರಿಗೆ ಫೋನ್ ಹಚ್ಚಿದಳು.

"ನಾಳೆ ಬಂದೋಬಸ್ತ್ ಇದೆ, ಗೊತ್ತಲ್ಲ ತಾಯಿ?" ಎಂದರು ಅವರು.

"ಗೊತ್ತು ಸರ್. ನಂಗೆ ಹಾರ್ಟ್ ಅಟ್ಯಾಕ್ ಆಗಿದೆಯಂತೆ."

"ಅಯ್ಯೋ! ಈಗಾ?"

"ಇಲ್ಲ ಸರ್. ಯಾವತ್ತೋ."

"ಯಾವತ್ತೋ ಆಗಿದ್ದಕ್ಕೆ ನಾಳೆ ರಜೆ ಬೇಕಾ?"

ಪ್ರಶ್ನೆ ಅವಳಿಗೂ ಸರಿಯಾಗಿಯೇ ಕಂಡಿತು. "ಆಯ್ತು ಸರ್, ಬರ್ತೀನಿ" ಎಂಬ ಮಾತು ನಾಲಗೆಯ ತುದಿಗೆ ಬಂತು. ಗಂಡ ಕತ್ತರಿ ಹಿಡಿದವನು ಹಾಗೇ ಅವಳ ಬಾಯಿಯನ್ನೇ ನೋಡುತ್ತಿದ್ದ.

"ಹೌದು ಸರ್. ಬೇಕು," ಎಂದಳು.

ಬೆಳಿಗ್ಗೆ ಬಟ್ಟೆಯ ಚೀಲ ಹೊತ್ತು ಅವನು ಜೊತೆಗೆ ನಡೆದ. ವೃತ್ತದಲ್ಲಿ ವಾಹನಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಂತಿದ್ದವು. ನಡುವೆ ಪೇದೆಯೊಬ್ಬಳು ಸೀಟಿ ಊದಿ ಊದಿ ಸೋತಿದ್ದಳು. ಪಾದಚಾರಿ ಮಾರ್ಗದಲ್ಲಿ ನಿಂತಿದ್ದ ತಾರೀಕಮ್ಮನ ಕೈ ವಾಹನ ತಡೆಯಲು ತಾನಾಗಿ ಮೇಲೆದ್ದಿತು. ಎದ್ದ ಕೈಯನ್ನು ಏನು ಮಾಡುವುದೆಂದು ತೋಚದೆ ಗಂಡನ ಹೆಗಲ ಮೇಲಿಟ್ಟು, ರಸ್ತೆ ತೆರವಾಗುವುದನ್ನು ಕಾಯುತ್ತ ನಿಂತಳು.