ಬಲಗಡೆಯ ಕುದುರೆ

ಮೊದಲನೆಯ ಕೋವಿಯ ನಳಿಗೆಯನ್ನು ಹಾರ್ಲನ್ ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಒಳಗೆಲ್ಲ ಸಿಡುಬಿನ ಮುಖದ ಹಾಗೆ ತುಕ್ಕಿನ ಗುಳಿಗಳು.

"ಕ್ಯಾಪ್ಟನ್, ಇದ್ರಲ್ಲಿ ಈಡು ಹೊಡೆದ್ರೆ ಬಾತುಕೋಳಿ ಸಾಯಲ್ಲ, ನಾನೇ ಸಾಯೋದು."

"ನೀನು ಸತ್ರೆ ಕೊಲ್ಲಿಯ ಬಾತುಕೋಳಿಯೆಲ್ಲ ಹಬ್ಬ ಮಾಡ್ತಾವೆ. ಮುಂದಿಂದು ನೋಡು," ಎಂದ ಏಮಸ್ ಪ್ರೂಯಿಟ್.

ಚೆಸಪೀಕ್ ಕೊಲ್ಲಿಯ ಆ ದ್ವೀಪದಲ್ಲಿ ಸ್ವಂತ ದೋಣಿಯಿದ್ದ ಮುದುಕರೆಲ್ಲ ಕ್ಯಾಪ್ಟನ್‌ಗಳೇ. ಏಮಸ್‌ನ ಎರಡು ಕಣ್ಣಿಗೂ ಪೊರೆ ಬಂದು, ಹಾರುವ ಹಕ್ಕಿಯಿರಲಿ, ಎದುರು ಕೂತವನ ಮುಖವೂ ಮಂಜಾಗಿತ್ತು. ಹಳೆಯ ಕೋವಿಗಳನ್ನು ಇನ್ನು ಯಾರಿಗಾದರೂ ದಾಟಿಸಬೇಕೆಂದು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ. ಹಾರ್ಲನ್‌ನ ಕೋವಿ ಬಿರುಗಾಳಿಯಲ್ಲಿ ದೋಣಿಯಿಂದ ಜಾರಿ ನೀರುಪಾಲಾಗಿತ್ತು. ಉತ್ತರದಿಂದ ಬಾತುಕೋಳಿಗಳು ಆಗಲೇ ಇಳಿಯತೊಡಗಿದ್ದವು.

ಎರಡನೆಯ ಕೋವಿಯ ಕೀಲು ಹಳೆಯ ಬಾಗಿಲಿನಂತೆ ಅಲುಗಾಡಿತು. ಮೂರನೆಯದು ಒಂಟಿ ನಳಿಗೆಯದು, ಹೆಣದಷ್ಟು ಭಾರ. ಹಾರ್ಲನ್ ಅದನ್ನು ಕೆಳಗಿಟ್ಟು ತಲೆಯೆತ್ತಿದ. ಒಲೆಯ ಮೇಲಿನ ಗೋಡೆಯಲ್ಲಿ ನಾಲ್ಕನೆಯದು ತೂಗುತ್ತಿತ್ತು. ಜೋಡುನಳಿಗೆ, ಇಂಗ್ಲೆಂಡಿನ ಕೆಲಸ. ಹಿಂಭಾಗದಲ್ಲಿ ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸುವ ಎರಡು ಕುದುರೆಗಳು. ಟ್ರಿಗರ್ ಒತ್ತಿದರೆ ಅವು ಬಡಿದು ತೋಟಾ ಸಿಡಿಯಬೇಕು. ಏಮಸ್‌ನ ಅಜ್ಜ ಬಾಲ್ಟಿಮೋರಿನ ಯಾವನೋ ಧಣಿಗೆ ಬೇಟೆಯಾಡಿಸಿ ಇನಾಮು ಪಡೆದದ್ದು. ಹಾರ್ಲನ್ ಬಾಯಿ ಬಿಡಲಿಲ್ಲ. ಆ ಕೋವಿಯ ಕಥೆ ದ್ವೀಪಕ್ಕೇ ಗೊತ್ತಿತ್ತು.

ಅವನ ಮೌನ ಏಮಸ್‌ಗೆ ಅರ್ಥವಾಯಿತು. "ಅದನ್ನೇ ನೋಡ್ತಿದೀಯಲ್ಲ? ತಗೊ. ನನ್ನ ಹೆಂಡ್ತಿ ನೆಟ್ಟಿ ಇದ್ದಷ್ಟು ದಿನ ಅದನ್ನ ಮುಟ್ಟೋಕೆ ಬಿಡಲಿಲ್ಲ. ಅವಳೂ ಹೋದಳು. ಅದೂ ಹೋಗಲಿ."

ಹತ್ತು ಹನ್ನೆರಡು ಚಳಿಗಾಲಗಳ ಹಿಂದಿನ ಮಾತು. ಏಮಸ್ ತನ್ನ ಇಬ್ಬರು ಮಕ್ಕಳೊಂದಿಗೆ ಜೌಗಿಗೆ ಹೋಗಿದ್ದ. ದೊಡ್ಡವನು ಲೈಲ್ ದೋಣಿಯ ಮುಂತುದಿಯಲ್ಲಿ, ಚಿಕ್ಕವನು ಡಾರ್ಸಿ ನಡುವೆ ಈ ಕೋವಿ ಹಿಡಿದು, ಹಿಂದೆ ಹುಟ್ಟು ಹಾಕುತ್ತ ಅಪ್ಪ. ಅಣ್ಣತಮ್ಮಂದಿರು ಬೆಳಗ್ಗೆ ಅಂಗಳದಲ್ಲೇ ಕೊರಳಪಟ್ಟಿ ಹಿಡಿದು ಬಡಿದಾಡಿಕೊಂಡಿದ್ದರು. ಬಾತುಕೋಳಿಯ ಹಿಂಡು ಬಂತೆಂದು ಡಾರ್ಸಿ ಕುದುರೆಗಳನ್ನೆಳೆದು ಎದ್ದು ನಿಂತ, ಹಿಂಡು ತಿರುಗಿಹೋಯಿತು, ಅವನು ಕೂತ. ಆಗ ಕೋವಿ ಹಾರಿತು. ಹುಲ್ಲಿನ ಕಡೆ ನೋಡುತ್ತಿದ್ದ ಏಮಸ್ ತಿರುಗುವಷ್ಟರಲ್ಲಿ ಲೈಲ್‌ನ ಕತ್ತಿನಲ್ಲಿ ಮುಷ್ಟಿ ಹೋಗುವಷ್ಟು ತೂತು. ದೋಣಿಯ ತಳದಲ್ಲಿ ನಿಂತ ನೀರು ಕೆಂಪಾಗಿ ಅತ್ತಿತ್ತ ಹೊಯ್ದಾಡುತ್ತಿತ್ತು. "ಅಪ್ಪಾ, ನಾನು ಒತ್ತಲಿಲ್ಲ, ತಾನೇ…" ಎಂದ ಡಾರ್ಸಿ. ಏಮಸ್ ಹುಟ್ಟು ಬೀಸಿದ. ಒಂದು ಸಲವಲ್ಲ, ಕೈ ಸೋಲುವವರೆಗೆ. ಮಗನ ದವಡೆ ಮೂರು ಕಡೆ ಮುರಿಯಿತು. ಆಸ್ಪತ್ರೆಯಿಂದ ಎದ್ದವನು ದ್ವೀಪಕ್ಕೆ ಮರಳಲಿಲ್ಲ. ಆಚೆ ದಡದಲ್ಲಿ ಸಿಂಪಿ ಬಿಡಿಸುವ ಶೆಡ್ಡಿನಲ್ಲಿ ಉಳಿದುಬಿಟ್ಟ.

ಹಾರ್ಲನ್ ಕೋವಿಯನ್ನು ಇಳಿಸಿ ಬಿಚ್ಚಿದ. ನಳಿಗೆಗಳನ್ನು ಬೆರಳಿಗೆ ತೂಗುಹಾಕಿ ಗೆಣ್ಣಿನಿಂದ ತಟ್ಟಿದರೆ ಚರ್ಚಿನ ಗಂಟೆಯಂತೆ ನಾದ. ಒಳಗೆ ಕನ್ನಡಿಯ ಹೊಳಪು. ದಪ್ಪ ಕೋಟಿನ ಮೇಲೇ ಹೆಗಲಿಗೇರಿಸಿದ. ತನಗೆಂದೇ ಅಳತೆ ತೆಗೆದು ಮಾಡಿದಂತೆ ಬಂದು ಕೂತಿತು. ಕೊನೆಗೆ, ಹಳೆಯ ಕೋವಿ ಕೊಳ್ಳುವವರೆಲ್ಲ ಮಾಡುವಂತೆ, ಖಾಲಿ ಕೋವಿಯ ಎರಡು ಕುದುರೆಗಳನ್ನೂ ಎಳೆದು ನಿಲ್ಲಿಸಿ, ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಿಡಿಯ ಬುಡವನ್ನು ನೆಲಕ್ಕೆ ಮೆಲ್ಲನೆ ಕುಟ್ಟಿದ.

ಟಕ್ಕೆಂದಿತು.

ಎಡಗಡೆಯ ಕುದುರೆ ನಿಂತೇ ಇತ್ತು. ಬಲಗಡೆಯದು ಬಿದ್ದಿತ್ತು.

"ಯಾಕೆ ಒತ್ತಿದೆ?" ಏಮಸ್ ಕೇಳಿದ.

"ಒತ್ತಲಿಲ್ಲ ಕ್ಯಾಪ್ಟನ್. ನನ್ನ ಎರಡೂ ಕೈ ನಳಿಗೆ ಮೇಲಿದೆ."

"ಸುಳ್ಳು."

"ಕುದುರೆ ಹಿಡಿದಿಡೋ ಒಳಗಿನ ಕೊಕ್ಕೆ ಸವೆದಿದೆ. ತಾನೇ ಬೀಳ್ತಿದೆ."

ಮುದುಕ ಎದ್ದದ್ದು ಹಾರ್ಲನ್‌ಗೆ ಕಾಣಿಸಿತು, ಮುಷ್ಟಿ ಬಂದದ್ದು ಕಾಣಿಸಲಿಲ್ಲ. ಮೂಗಿನಿಂದ ರಕ್ತ ಬಳಬಳನೆ ಇಳಿಯಿತು. ಏಮಸ್ ಕೋವಿ ಕಿತ್ತುಕೊಂಡು ಕುದುರೆ ಎಳೆದ, ಕುಟ್ಟಿದ, ಹೆಬ್ಬೆರಳಿನಿಂದ ತಡವಿದ. ಬಿದ್ದಿತ್ತು. ಮತ್ತೆ ಎಳೆದ, ಕುಟ್ಟಿದ, ತಡವಿದ. ಮತ್ತೆ. ಉಸಿರು ಗೊರಗೊರ ಎನ್ನುತ್ತಿತ್ತು.

"ತೋಟಾ ಕೊಡು."

"ಬೇಡ ಕ್ಯಾಪ್ಟನ್."

"ಕೊಡೋ, ಬೇವರ್ಸಿ!"

ದೋಣಿಕಟ್ಟೆಯ ಹಲಗೆಗಳ ಮೇಲೆ ನಿಂತು ಏಮಸ್ ಹಾರ್ಲನ್ ಕೊಟ್ಟ ತೋಟಾ ತುಂಬಿ, ಕುದುರೆ ಎಳೆದು ನಿಲ್ಲಿಸಿ, ನಳಿಗೆಯನ್ನು ಆಕಾಶಕ್ಕೆ ಮಾಡಿ, ಬುಡವನ್ನು ಹಲಗೆಗೆ ಕುಟ್ಟಿದ. ಕೋವಿ ಗುಡುಗಿತು. ಕೈಯಿಂದ ಚಿಮ್ಮಿದ ಕೋವಿಯ ಕುದುರೆ ತಾಗಿ ಅವನ ಕೆನ್ನೆ ಸೀಳಿತು. ಜೌಗಿನ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದವು. ಅವನು ಗುಂಡಿನ ಹೊಗೆಯಲ್ಲೇ ಕೋವಿಯನ್ನು ತಡಕಾಡಿ ಎತ್ತಿಕೊಂಡು, ನಳಿಗೆ ಹಿಡಿದು, ಕಟ್ಟೆಯ ಕಂಬಕ್ಕೆ ಬೀಸಿ ಬಡಿದ. ಹಿಂದೊಮ್ಮೆ ಹುಟ್ಟನ್ನು ಬೀಸಿದಂತೆಯೇ, ಕೈ ಸೋಲುವವರೆಗೆ. ಮರದ ಹಿಡಿ ಸಿಗಿದು ನೀರಿಗೆ ಹಾರಿತು. ನಳಿಗೆ ಬಾಗಿತು. ಕೊನೆಗೆ ಅದನ್ನೂ ಎಸೆದು ಮೊಣಕಾಲೂರಿದ.

"ಎಂಜಿನ್ ಹಚ್ಚು," ಎಂದ. "ಡಾರ್ಸಿ ಹತ್ರ."

ದಾರಿಯುದ್ದಕ್ಕೂ ಹಾರ್ಲನ್ ತೋಳಿನಿಂದ ಮೂಗೊರೆಸಿಕೊಳ್ಳುತ್ತ ಚುಕ್ಕಾಣಿ ಹಿಡಿದಿದ್ದ. ಏಮಸ್ ಕೆನ್ನೆಯ ರಕ್ತವನ್ನು ಒರೆಸಲೂ ಇಲ್ಲ.

ಶೆಡ್ಡಿನಲ್ಲಿ ಡಾರ್ಸಿ ಒಬ್ಬನೇ ಇದ್ದ. ಮುಖ ಒಂದು ಕಡೆಗೆ ವಾಲಿಕೊಂಡಿತ್ತು. ಮಾತು ಹಲ್ಲಿನ ಸಂದಿಯಿಂದ ಸೋರಿದಂತೆ ಬರುತ್ತಿತ್ತು. ಬಾಗಿಲಲ್ಲಿ ನಿಂತವನನ್ನು ನೋಡಿ ಅವನು ಚಾಕು ಕೆಳಗಿಡಲಿಲ್ಲ.

"ಏನ್ ಬೇಕಾಗಿತ್ತು?"

"ಕೋವಿ ತಾನೇ ಹಾರಿದ್ದು," ಎಂದ ಏಮಸ್. "ಬಲಗಡೆ ಕುದುರೆ. ಇವತ್ತು ಗೊತ್ತಾಯ್ತು. ನೀನು ಅವತ್ತೇ ಹೇಳ್ದೆ."

"ಪೂರ್ತಿ ಹೇಳೋಕೆ ಬಾಯಿ ಎಲ್ಲಿ ಬಿಟ್ಟೆ ನೀನು?"

ಏಮಸ್ ತಲೆ ಬಗ್ಗಿಸಲಿಲ್ಲ. ಮಗನ ಮುಖ ಎಲ್ಲಿದೆಯೋ ಎಂದು ಮಂಜುಗಣ್ಣಿನಿಂದ ಹುಡುಕುತ್ತ ನಿಂತ. ಡಾರ್ಸಿ ಚಾಕುವನ್ನು ಮೇಜಿಗೆ ಚುಚ್ಚಿ, ಸುತ್ತಿ ಬಂದು, ಅಪ್ಪನ ಬಾಯಿಗೆ ಗುದ್ದಿದ. ಮುದುಕ ಚಿಪ್ಪಿನ ರಾಶಿಯ ಮೇಲೆ ಬಿದ್ದು ಅಂಗೈ ಕೊಯ್ದುಕೊಂಡ. ಹಾರ್ಲನ್ ಮುಂದೆ ಬಂದ.

"ನೀನು ಸುಮ್ನಿರು ಹಾರ್ಲನ್," ಎಂದು ಏಮಸ್ ಎದ್ದು ಮತ್ತೆ ಅಲ್ಲೇ ನಿಂತ.

ಡಾರ್ಸಿ ಮತ್ತೊಮ್ಮೆ ಹೊಡೆದ. ಏಮಸ್ ಮತ್ತೆ ಎದ್ದ, ಈ ಸಲ ಮೇಜು ಹಿಡಿದು, ನಿಧಾನವಾಗಿ. ಮೂರನೆಯ ಸಲ ಎತ್ತಿದ ತನ್ನ ಕೈಯನ್ನು ಡಾರ್ಸಿ ಅಲ್ಲೇ ತಡೆದ.

"ಅಮ್ಮ ಸತ್ತಾಗ ನನಗೊಂದು ಮಾತು ಹೇಳಿ ಕಳಿಸಲಿಲ್ಲ," ಎಂದ.

"ಇಲ್ಲ."

"ಮಣ್ಣು ಮಾಡಿದ ಮೇಲೆ ಬೇರೆ ಯಾರೋ ಹೇಳಿದ್ರು."

"ಹೌದು."

ಡಾರ್ಸಿ ಕೈ ಇಳಿಸಿ ತನ್ನ ಜಾಗಕ್ಕೆ ಹೋಗಿ ಕೂತ. ಚಾಕು ಕಿತ್ತುಕೊಂಡು ಬುಟ್ಟಿಯಿಂದ ಒಂದು ಸಿಂಪಿ ತೆಗೆದು ಬಿಡಿಸಿದ, ಇನ್ನೊಂದು ಬಿಡಿಸಿದ. ಮೂರನೆಯದನ್ನು ಬಿಡಿಸಿ, ತಲೆಯೆತ್ತದೆ, ಮೇಜಿನ ಆಚೆಗೆ ತಳ್ಳಿದ.

ಏಮಸ್ ಕೈಯಾಡಿಸಿ ಚಿಪ್ಪನ್ನು ಹುಡುಕಿಕೊಂಡ. ಎರಡೂ ಕೈಯಲ್ಲಿ ಹಿಡಿದು ಬಾಯಿಗೆ ತಂದ. ಚಿಪ್ಪಿನೊಳಗಿನ ಉಪ್ಪುನೀರು ಒಡೆದ ತುಟಿಗೆ ತಾಗಿ ಕಣ್ಣಲ್ಲಿ ನೀರು ಬಂತು. ಒಂದು ಹನಿಯೂ ಚೆಲ್ಲದಂತೆ ಅವನು ಅದನ್ನು ಕುಡಿದ.