ಹಳೇದಾಗಲಿ ಎಂದು ಎತ್ತಿಟ್ಟದ್ದು

ಹುಣಸೆಹಣ್ಣು ಹಳೇದಾದಷ್ಟೂ ರುಚಿ, ಬೆಲ್ಲ ಹಳೇದಾದರೆ ಔಷಧಿ, ಅಕ್ಕಿ ಹಳೇದಾದರೆ ಅನ್ನ ಉದುರುದುರು. ಶಿಡ್ಲಘಟ್ಟದ ಕಡೆ ಎರಡು ಎಕರೆ ದ್ರಾಕ್ಷಿ ಬೆಳೆಯುವ ನರಸಿಂಹಪ್ಪನ ಲೋಕಜ್ಞಾನವೆಲ್ಲ ಇಷ್ಟೇ. ಈ ಜ್ಞಾನವೇ ಅವನನ್ನು ಕೆಡಿಸಿತು.

ಹೆಂಡತಿ ರಾಮಲಕ್ಷ್ಮಮ್ಮನ ತಮ್ಮ ಮುನಿಶಾಮಿ ಬ್ರಾಂದಿ ಕಂಪನಿಗೆ ಸೇರಿದ ಹೊಸತರಲ್ಲಿ, ನೆಂಟರ ಮನೆಯ ಗೃಹಪ್ರವೇಶದ ಪಂಕ್ತಿಯಲ್ಲೇ ನರಸಿಂಹಪ್ಪ ಅಂದುಬಿಟ್ಟಿದ್ದ: "ನಾವು ದ್ರಾಕ್ಷಿ ಬೆಳೆದು ಮಕ್ಕಳ ಬಾಯಿಗೆ ಕೊಡೋರು. ನೀನು ಅದನ್ನ ಹೆಂಡ ಮಾಡಿ ಮನೆ ಮುರಿಯೋನು." ಎಲ್ಲರೂ ಕೇಳಿಸಿಕೊಂಡರು. ಮುನಿಶಾಮಿ ಎಲೆ ಮುಂದಿನಿಂದ ಎದ್ದುಹೋದ. ಎರಡು ವರ್ಷ ಮಾತಿಲ್ಲ, ಕತೆಯಿಲ್ಲ.

ಮೂರನೇ ವರ್ಷ ಕಂಪನಿಯವರು ಅವನನ್ನು ಕೆಲಸ ಕಲಿಯಲು ಫ್ರಾನ್ಸಿಗೆ ಕಳಿಸಿದರು. ಬಂದವನು ಚಿಂತಾಮಣಿಯ ತನ್ನ ಮನೆಗೂ ಹೋಗದೆ ನೇರ ಭಾವನ ಬಾಗಿಲಿಗೆ ಬಂದ. ಕೈಯಲ್ಲಿ ಅಲ್ಲಿನ ದ್ರಾಕ್ಷಿ ಬ್ರಾಂದಿ, ಒಂದು ಸೀಸೆ ಕೊನ್ಯಾಕ್.

"ಭಾವ, ಹೆಂಡ ಅಂದ್ರಲ್ಲ, ಒಂದ್ಸಲ ನನ್ ಜೊತೆ ಕೂತ್ಕೊಂಡು ನೋಡಿ. ನೀರು ಬೇಡ, ಸೋಡಾ ಬೇಡ. ಲೋಟ ಅಂಗೈಲಿಟ್ಕೊಂಡು ಬೆಚ್ಚಗೆ ಮಾಡ್ಬೇಕು. ಮೊದ್ಲು ಮೂಗು, ಆಮೇಲೆ ನಾಲಿಗೆ. ನಿಮ್ಮಂಥ ಬೆಳೆಗಾರನಿಗೆ ಅದ್ರೊಳಗೆ ತೋಟಾನೇ ಸಿಗ್ತದೆ."

ನರಸಿಂಹಪ್ಪನ ಕಣ್ಣು ತುಂಬಿತು. ಆದರೆ ತಪ್ಪಾಯ್ತು ಅನ್ನುವ ಜಾಯಮಾನ ಅವನದಲ್ಲ. "ಇಡಣ ಕಣಪ್ಪ. ಇಂಥಾದ್ದು ಹಳೇದಾಗ್ಲಿ, ಇನ್ನೂ ರುಚಿ ಬರ್ತದೆ" ಅಂದ. ಅವನ ಬಾಯಲ್ಲಿ ಅದು ದೊಡ್ಡ ಮರ್ಯಾದೆಯ ಮಾತು. ಮುನಿಶಾಮಿ ಒಂದು ಗಳಿಗೆ ಅವನ ಮುಖ ನೋಡಿ, "ಆಗ್ಲಿ ಭಾವ" ಅಂದ.

ಸೀಸೆ ಅಟ್ಟ ಏರಿ ಹುಣಸೆಹಣ್ಣಿನ ಮಡಕೆಯ ಪಕ್ಕ ಕೂತಿತು. ಮೊಮ್ಮಗುವಿಗೆ ನೆಗಡಿಯಾದಾಗ ರಾಮಲಕ್ಷ್ಮಮ್ಮ ಒಂದೇ ಒಂದು ಚಮಚ ಕೇಳಿದ್ದಕ್ಕೆ ಮನೆ ಹಾರಿಹೋಗುವಂತೆ ಕೂಗಾಡಿದ. ಯುಗಾದಿಗೆ ಬಂದ ಮುನಿಶಾಮಿ "ಇವತ್ತು ತೆಗಿಯಣವಾ ಭಾವ?" ಅಂದರೆ, "ಇನ್ನೆರಡು ವರ್ಷ ಹೋಗ್ಲಿ." ಕಿರಿಮಗಳು ಪದ್ಮಶ್ರೀ ಮದುವೆಯಲ್ಲಿ ಕೇಳಿದರೆ, "ತಡಿಯಪ್ಪ, ಇನ್ನೂ ಹಳೇದಾಗ್ಲಿ." ಆಮೇಲೆ ಮುನಿಶಾಮಿ ಕೇಳುವುದನ್ನೇ ಬಿಟ್ಟ. ಬರುವುದೂ ಕಡಿಮೆಯಾಯಿತು. ಕೆಲಸ ಜಾಸ್ತಿ ಇರಬೇಕು ಅಂದುಕೊಂಡ ನಮ್ಮ ಜಾಣ. ಹನ್ನೊಂದು ವರ್ಷ ಹೀಗೇ ಕಳೆಯಿತು. ಹೋದ ಮಾಘದಲ್ಲಿ ಎದೆನೋವು ಅಂತ ಕೂತ ಮುನಿಶಾಮಿ ಮತ್ತೆ ಏಳಲಿಲ್ಲ.

ಪಿತೃಪಕ್ಷದ ಎಡೆಯಲ್ಲಿ ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕು. ನರಸಿಂಹಪ್ಪ ಸೀಸೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಹೆಂಡತಿಯ ಜೊತೆ ಚಿಂತಾಮಣಿಗೆ ಹೋದ. ಮುನಿಶಾಮಿಯ ಮಗ ವೇಣು ಅದನ್ನು ನೋಡಿ ಹಾಗೇ ನಿಂತುಬಿಟ್ಟ.

"ಇನ್ನೂ ತೆಗ್ದೇ ಇಲ್ವಾ ಮಾವ?"

"ಹಳೇದಾಗ್ಲಿ ಅಂತ..."

"ಮರದ ಪೀಪಾಯಲ್ಲಿದ್ದಾಗ ಹಳೇದಾಗೋದು ಮಾವ ಇದು. ಸೀಸೆಗೆ ಬಿದ್ಮೇಲೆ ಎಷ್ಟು ವರ್ಷ ಇಟ್ರೂ ಹಂಗೇ ಇರ್ತದೆ. ಅಪ್ಪನ ಕೆಲಸಾನೇ ಅದು, ಅವರಿಗೆ ಗೊತ್ತಿರ್ಲಿಲ್ವಾ?"

"ಅಯ್ಯೋ, ಮತ್ತೆ ಒಂದ್ ಮಾತು ಹೇಳ್ಬಾರ್ದಾಗಿತ್ತಾ!"

ವೇಣು ತಲೆ ತಗ್ಗಿಸಿದ. "ನೀವು ನೆಪ ಹೇಳ್ತಿದೀರ ಅಂದ್ಕೊಂಡ್ರು. 'ಭಾವನಿಗೆ ನನ್ ಜೊತೆ ಕೂತ್ಕೊಳೋಕೆ ಇನ್ನೂ ಅಸಹ್ಯ ಕಣೋ, ಬಿಡು' ಅಂತಿದ್ರು."

ಎಂಥಾ ಕೆಲಸವಾಗಿಹೋಯಿತು! ಮರ್ಯಾದೆ ಅಂತ ಎತ್ತಿಟ್ಟದ್ದು ಆ ಜೀವವನ್ನು ಹನ್ನೊಂದು ವರ್ಷ ಸುಟ್ಟಿತ್ತು.

ಎಡೆಯಿಟ್ಟು, ಕರ್ಪೂರ ಹಚ್ಚಿ, ಹಿರಿಯರು ಬಂದು ಉಣ್ಣಲಿ ಎಂದು ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುವುದು ವಾಡಿಕೆ. ನರಸಿಂಹಪ್ಪ ಏಳಲಿಲ್ಲ.

"ಬನ್ನಿ ಹೊರಗೆ. ಬದುಕಿರೋರು ಒಳಗಿರಬಾರ್ದು" ಅಂದಳು ರಾಮಲಕ್ಷ್ಮಮ್ಮ.

"ನೀವು ಬಾಗ್ಲು ಹಾಕ್ಕೊಳ್ಳಿ. ನಾನು ಅವನ ಜೊತೆ ಕೂತ್ಕೋಬೇಕು."

ಬಾಗಿಲು ಮುಚ್ಚಿತು. ಎರಡು ಲೋಟಕ್ಕೆ ಬಗ್ಗಿಸಿ, ಒಂದನ್ನು ಎಡೆಯ ಮುಂದಿಟ್ಟ. ಇನ್ನೊಂದನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿದ. ಮೊದಲು ಮೂಗು. ದ್ರಾಕ್ಷಿ ಹೂಬಿಡುವ ಕಾಲದಲ್ಲಿ ಬೆಳಗ್ಗೆ ಚಪ್ಪರದ ಕೆಳಗೆ ನಿಂತರೆ ಬರುವ ಆ ತೆಳ್ಳನೆಯ ವಾಸನೆ ಅದರಲ್ಲಿತ್ತು.

"ತೋಟ ಐತೆ ಕಣಪ್ಪ ಮುನಿಶಾಮಿ" ಅಂದ. "ತಪ್ಪಾಯ್ತು."

ಎದುರಿನ ಲೋಟ ತುಂಬಿದ ಹಾಗೇ ಇತ್ತು.